ಐವತ್ತರ ಕೂಸು, ಒಂಬೈನೂರರ ಅಜ್ಜ

ಅವನಿಗೆ ಐವತ್ತು ವರ್ಷ. ಇನ್ನೂ ತೊಟ್ಟಿಲು ಬಿಟ್ಟಿಲ್ಲ. ಮಾತು ಬಂದಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ. ಕಪ್ಪೆ ಸಿಕ್ಕರೆ ಇಡಿಯಾಗಿ ನುಂಗುತ್ತಾನೆ. ನಿದ್ದೆ ಬಂದರೆ ಎತ್ತಿಕೊಂಡವರ ತೋಳಿನಲ್ಲೇ ತಲೆ ವಾಲಿಸುತ್ತಾನೆ. ನನಗೆ ಐವತ್ತಾಗುವ ಹೊತ್ತಿಗೆ ಬ್ಯಾಂಕಿನ ಕೌಂಟರಿನ ಹಿಂದೆ ಇಪ್ಪತ್ತೇಳು ವರ್ಷ ಕೂತಾಗಿತ್ತು, ಕನ್ನಡಕದ ನಂಬರು ಮೂರು ಸಲ ಬದಲಾಗಿತ್ತು, ಮಗಳ ಮದುವೆಗೆ ಸಾಲದ ಅರ್ಜಿಯೂ ಬಿದ್ದಿತ್ತು. ಇವನೋ, ಅದೇ ವಯಸ್ಸಿಗೆ ಇನ್ನೂ ಹಾಲುಗಲ್ಲದ ಹಸುಳೆ!

ಇವನ ಹೆಸರು ಗ್ರೋಗು. ಹಸಿರು ಮೈ, ದೊಡ್ಡ ಕಣ್ಣು, ಮೊರದಂಥ ಕಿವಿ. ಇವನ ಕುಲದ ಹಿರಿಯನೊಬ್ಬನಿದ್ದಾನೆ, ಯೋಡಾ ಎಂದು. ಅವನು ತೀರಿಕೊಂಡದ್ದು ಒಂಬೈನೂರನೆಯ ವಯಸ್ಸಿನಲ್ಲಿ. ಇಬ್ಬರೂ ಸಿನಿಮಾದವರು, ನಿಜವಾದ ಜೀವಿಗಳಲ್ಲ. ಆದರೂ ಈ ಇಬ್ಬರ ಆಯುಷ್ಯದ ಲೆಕ್ಕ ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಓಡಾಡುತ್ತಿದೆ. ಮೂವತ್ತಾರು ವರ್ಷ ಲೆಡ್ಜರು ಬರೆದವನ ಕೈ ಸುಮ್ಮನಿರುವುದಿಲ್ಲ ನೋಡಿ.

ಹಿರಿಯ ಓದುಗರಿಗೆ ಮೊದಲು ಪರಿಚಯ ಮಾಡಿಕೊಡುತ್ತೇನೆ. ಮಕ್ಕಳಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅವರು ಬೇಕಾದರೆ ಮುಂದಿನ ಎರಡು ಪ್ಯಾರಾ ಹಾರಿಸಬಹುದು.

ಅಮೆರಿಕದ ಜಾರ್ಜ್ ಲ್ಯೂಕಸ್ ಎಂಬ ನಿರ್ದೇಶಕರು 1977ರಲ್ಲಿ ‘ಸ್ಟಾರ್ ವಾರ್ಸ್’ ಎಂಬ ಸಿನಿಮಾ ತೆಗೆದರು. ಬಹಳ ದೂರದ ಆಕಾಶಗಂಗೆಯೊಂದರಲ್ಲಿ, ಬಹಳ ಹಿಂದೆ ನಡೆದ ಯುದ್ಧದ ಕಥೆ. ಅದರಲ್ಲಿ ‘ಜೆಡೈ’ ಎಂಬ ಯೋಧರಿದ್ದಾರೆ. ನಮ್ಮ ದ್ರೋಣ, ಕೃಪರ ಹಾಗೆ ಶಸ್ತ್ರವನ್ನೂ ಬಲ್ಲವರು, ಧ್ಯಾನವನ್ನೂ ಬಲ್ಲವರು. ಇವರ ಮಹಾಗುರು ಯೋಡಾ ತೆರೆಗೆ ಬಂದದ್ದು 1980ರಲ್ಲಿ, ಸರಣಿಯ ಎರಡನೆಯ ಚಿತ್ರದಲ್ಲಿ. ಎತ್ತರ 66 ಸೆಂಟಿಮೀಟರ್, ಅಂದರೆ ಎರಡಡಿಗಿಂತ ಎರಡಂಗುಲ ಹೆಚ್ಚು. ಕೈಯಲ್ಲಿ ಊರುಗೋಲು. ಆಗ ಕಂಪ್ಯೂಟರಿನಲ್ಲಿ ಪಾತ್ರ ಸೃಷ್ಟಿಸುವ ಕಾಲವಲ್ಲ. ಯೋಡಾ ಒಂದು ಕೈಗೊಂಬೆ. ಆಡಿಸಿ ದನಿ ಕೊಟ್ಟವರು ಫ್ರಾಂಕ್ ಆಜ್. ಮುಖ ರೂಪಿಸಿದ ಸ್ಟುವರ್ಟ್ ಫ್ರೀಬಾರ್ನ್ ಎಂಬ ಕಲಾವಿದರು ತಮ್ಮದೇ ಮುಖವನ್ನು ಮಾದರಿಯಾಗಿ ಇಟ್ಟುಕೊಂಡು, ಕಣ್ಣಿನ ಸುತ್ತಲಿನ ಸುಕ್ಕುಗಳಿಗೆ ವಿಜ್ಞಾನಿ ಐನ್‌ಸ್ಟೈನರನ್ನು ನೆನೆಸಿಕೊಂಡರಂತೆ.

1983ರ ಮೂರನೆಯ ಚಿತ್ರದಲ್ಲಿ ಯೋಡಾ ಹಾಸಿಗೆ ಹಿಡಿದು, ಕಂಬಳಿ ಹೊದ್ದುಕೊಂಡು, ಶಾಂತವಾಗಿ ಕಣ್ಣುಮುಚ್ಚುತ್ತಾನೆ. ಮೂವತ್ತಾರು ವರ್ಷ ಕಳೆದ ಮೇಲೆ, 2019ರ ನವೆಂಬರಿನಲ್ಲಿ, ‘ದಿ ಮ್ಯಾಂಡಲೋರಿಯನ್’ ಎಂಬ ಧಾರಾವಾಹಿ ಶುರುವಾಯಿತು. ತಲೆಗೆ ಲೋಹದ ಶಿರಸ್ತ್ರಾಣ ಹಾಕಿಕೊಂಡ ಒಬ್ಬ ಕೂಲಿ ಯೋಧನಿಗೆ ಒಂದು ಕೆಲಸ ಸಿಗುತ್ತದೆ: ಐವತ್ತು ವರ್ಷದ ಒಬ್ಬನನ್ನು ಹಿಡಿದು ತಂದೊಪ್ಪಿಸಬೇಕು. ಹುಡುಕಿಕೊಂಡು ಹೋಗಿ ನೋಡಿದರೆ, ಗಾಳಿಯಲ್ಲಿ ತೇಲುವ ತೊಟ್ಟಿಲಲ್ಲಿ ಯೋಡಾನ ಕುಲದ ಈ ಕೂಸು! ಮ್ಯಾಂಡಲೋರಿಯನ್ ಕೂಲಿ ಪಡೆದು ಒಪ್ಪಿಸಿಯೂ ಬಿಡುತ್ತಾನೆ, ಆಮೇಲೆ ಮನಸ್ಸು ತಡೆಯದೆ ಹಿಂದಿರುಗಿ ಬಂದು ಬಿಡಿಸಿಕೊಂಡು ಹೋಗುತ್ತಾನೆ. ಅಲ್ಲಿಂದ ಮುಂದೆ ಅವನೇ ಅಪ್ಪ, ಇವನೇ ಮಗ. ಯೋಡಾನ ಕುಲದ ಹೆಸರೇನು, ಊರು ಯಾವುದು ಎಂಬುದನ್ನು ಲ್ಯೂಕಸ್ ಯಾವತ್ತೂ ಹೊರಗೆ ಹಾಕಲಿಲ್ಲ.

ನಮ್ಮ ಮನೆಗೆ ಇವರಿಬ್ಬರನ್ನೂ ಕರೆತಂದವಳು ಐದನೆಯ ತರಗತಿಯ ನನ್ನ ಮೊಮ್ಮಗಳು. ಅವಳಿಗೆ ಹತ್ತು, ನನಗೆ ಎಪ್ಪತ್ನಾಲ್ಕು. ಇಂಗ್ಲಿಷ್ ಸಂಭಾಷಣೆ ನನ್ನ ಕಿವಿಗೆ ತಡವಾಗಿ ಇಳಿಯುತ್ತದೆಂದು ಅವಳೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತಾಳೆ. ನನ್ನಾಕೆ ಒಳಗಿನಿಂದ, “ಇಬ್ಬರು ಮಕ್ಕಳೂ ಟೀವಿ ಆರಿಸಿ ಊಟಕ್ಕೆ ಬನ್ನಿ” ಎನ್ನುತ್ತಾಳೆ.

ಈಗ ಲೆಕ್ಕಕ್ಕೆ ಬರೋಣ.

ಬ್ಯಾಂಕಿನ ದೃಷ್ಟಿಯಿಂದ ನೋಡಿದರೆ ಈ ಕುಲದವರಷ್ಟು ತೊಂದರೆಯ ಗಿರಾಕಿಗಳು ಇನ್ನಿಲ್ಲ. ನಮ್ಮಲ್ಲಿ ಹದಿನೆಂಟು ತುಂಬಿದರೆ ಮೈನರ್ ಖಾತೆ ಮೇಜರ್ ಆಗುತ್ತದೆ. ಗ್ರೋಗುಗೆ ಐವತ್ತಾದರೂ ಪೋಷಕರ ಸಹಿಯೇ ಬೇಕು. ಇನ್ನು ಯೋಡಾ ಅರವತ್ತಕ್ಕೆ ನಿವೃತ್ತನಾಗಿ ಪಿಂಚಣಿ ತೆಗೆದುಕೊಂಡಿದ್ದರೆ? ‘ನಾನು ಬದುಕಿದ್ದೇನೆ’ ಎಂದು ಪ್ರತಿ ನವೆಂಬರಿನಲ್ಲಿ ನಾವು ಪಿಂಚಣಿದಾರರು ಕೊಡುವ ಪ್ರಮಾಣಪತ್ರವನ್ನು ಅವನು 840 ಸಲ ಕೊಡಬೇಕಾಗುತ್ತಿತ್ತು. ಇನ್ನೂರನೆಯ ಸಲಕ್ಕೇ ಕೌಂಟರಿನವರು ‘ಸ್ವಾಮಿ, ಇದು ನೀವೋ ನಿಮ್ಮ ಮರಿಮಗನೋ’ ಎಂದು ಕೇಳುತ್ತಿದ್ದರು.

ಮೊಮ್ಮಗಳಿಗೆ ಕೊಟ್ಟ ಮೊದಲ ಲೆಕ್ಕ ಇದು. ಒಂಬೈನೂರರಲ್ಲಿ ಐವತ್ತು ಎಂದರೆ ಹದಿನೆಂಟನೆಯ ಒಂದು ಭಾಗ. ಮನುಷ್ಯನ ತುಂಬು ಆಯುಷ್ಯ ಎಂಬತ್ತು ಎಂದಿಟ್ಟುಕೊಂಡರೆ, ಗ್ರೋಗುವಿನ ಐವತ್ತು ನಮ್ಮ ನಾಲ್ಕೂವರೆಗೆ ತುಸು ಕಡಿಮೆ. ಅವಳು ಭಾಗಾಕಾರ ಮಾಡಿ ತೋರಿಸಿ, ಕೂಡಲೇ ತಕರಾರು ತೆಗೆದಳು: “ತಾತ, ನಾಲ್ಕೂವರೆ ವರ್ಷದ ಮಗು ಎಲ್.ಕೆ.ಜಿ.ಗೆ ಹೋಗತ್ತೆ. ಪಟಪಟ ಅಂತ ಮಾತಾಡತ್ತೆ. ಇವನು ನೋಡಿದ್ರೆ ಅಮ್ಮ ಅಂತಾನೂ ಅನ್ನಲ್ಲ!”

ತಕರಾರು ಸರಿಯಾಗಿಯೇ ಇತ್ತು. ಇನ್ನೊಂದು ತೊಡಕೂ ಇದೆ. ತಾನು ಎಂಟುನೂರು ವರ್ಷದಿಂದ ಶಿಷ್ಯರನ್ನು ತಯಾರು ಮಾಡುತ್ತಿರುವುದಾಗಿ ಯೋಡಾ 1980ರ ಚಿತ್ರದಲ್ಲಿ ಹೇಳುತ್ತಾನೆ. ಅಂದರೆ ನೂರನೆಯ ವಯಸ್ಸಿಗಾಗಲೇ ಅವನು ಗುರು. ಐವತ್ತಕ್ಕೆ ಕಪ್ಪೆ ನುಂಗುವ ಕೂಸು, ನೂರಕ್ಕೆ ಗುರುಪೀಠ! ಈ ಕುಲದ ಬೆಳವಣಿಗೆ ವರ್ಷವರ್ಷವೂ ಒಂದೇ ಸಮನೆ ಏರುವ ಸರಳ ಬಡ್ಡಿಯಲ್ಲ, ಚಕ್ರಬಡ್ಡಿಯ ಜಾತಿ. ಒಂದು ರೂಪಾಯಿಯನ್ನು ವರ್ಷಕ್ಕೆ ಶೇಕಡಾ 4ರ ಚಕ್ರಬಡ್ಡಿಯಲ್ಲಿ ಇಡಿ. ಐವತ್ತು ವರ್ಷಕ್ಕೆ ಅದು ಬರೀ ಏಳು ರೂಪಾಯಿ ಚಿಲ್ಲರೆ. ನೂರು ವರ್ಷಕ್ಕೆ ಐವತ್ತು ರೂಪಾಯಿ ದಾಟುತ್ತದೆ. ಒಂಬೈನೂರು ವರ್ಷಕ್ಕೆ? ಎರಡು ಸಾವಿರ ಲಕ್ಷ ಕೋಟಿಗೂ ಹೆಚ್ಚು! ಮಕ್ಕಳೇ, ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿ, ನಾನು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿಲ್ಲ. ಗ್ರೋಗು ಸದ್ಯ ಏಳು ರೂಪಾಯಿಯ ಹಂತದಲ್ಲಿದ್ದಾನೆ, ಅಷ್ಟೆ.

ಇದು ಬರೀ ಸಿನಿಮಾದ ಕಟ್ಟುಕಥೆ ಎನ್ನಬೇಡಿ. ನಮ್ಮ ಭೂಮಿಯ ಮೇಲೂ ಬಾಲ್ಯವನ್ನು ಹೀಗೆ ಎಳೆಯುವ ಜೀವಿಗಳಿವೆ. ಉತ್ತರದ ಹಿಮಸಮುದ್ರಗಳಲ್ಲಿ ಗ್ರೀನ್‌ಲ್ಯಾಂಡ್ ಶಾರ್ಕ್ ಎಂಬ ಮೀನಿದೆ. ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಅದರ ಕಣ್ಣಿನ ಮಸೂರದ ನಡುಭಾಗ ಹುಟ್ಟುವ ಮೊದಲೇ ರೂಪುಗೊಂಡು ಆಮೇಲೆ ಬದಲಾಗುವುದಿಲ್ಲ. ವಿಜ್ಞಾನಿಗಳು ಅದನ್ನೇ ಪರೀಕ್ಷಿಸಿ 2016ರಲ್ಲಿ ವಯಸ್ಸು ಹೇಳಿದರು: ಅವರು ನೋಡಿದ ಅತಿ ದೊಡ್ಡ ಮೀನಿಗೆ ಕನಿಷ್ಠವೆಂದರೂ 272 ವರ್ಷ, ಬಹುಶಃ 400ರ ಹತ್ತಿರ. ಈ ಮೀನು ಮರಿ ಹಾಕುವ ವಯಸ್ಸಿಗೆ ಬರಬೇಕಾದರೇ ಸುಮಾರು ನೂರೈವತ್ತು ವರ್ಷ ಬೇಕು. ಇನ್ನು ಅಮೆರಿಕದ ಒಂದು ಜಾತಿಯ ಜೀರುಂಡೆ ಹದಿನೇಳು ವರ್ಷ ಮಣ್ಣಿನೊಳಗೆ ಮರಿಯಾಗಿಯೇ ಬೇರಿನ ರಸ ಹೀರುತ್ತಾ ಕೂತಿರುತ್ತದೆ. ಮೇಲೆ ಬಂದು ರೆಕ್ಕೆ ಬಿಚ್ಚಿ ಹಾಡುವುದು ಕೆಲವೇ ವಾರ.

ಅಷ್ಟು ದೂರ ಹೋಗುವುದೇಕೆ, ನಮ್ಮನ್ನೇ ನೋಡಿಕೊಳ್ಳಿ. ಹಸುವಿನ ಕರು ಹುಟ್ಟಿದ ಒಂದೆರಡು ಗಂಟೆಯಲ್ಲಿ ಎದ್ದು ನಿಂತು ಕೆಚ್ಚಲು ಹುಡುಕುತ್ತದೆ. ನಮ್ಮ ಕೂಸಿಗೆ ಕುತ್ತಿಗೆ ನಿಲ್ಲುವುದಕ್ಕೇ ಮೂರ್ನಾಲ್ಕು ತಿಂಗಳು, ನಡೆಯಲು ಒಂದು ವರ್ಷ. ಎಷ್ಟೋ ಪ್ರಾಣಿಗಳ ಕಣ್ಣಿಗೆ ನಾವೇ ಗ್ರೋಗುಗಳು. ಕೂಸು ಹೀಗೆ ನಿಧಾನವಾಗಿ ಬೆಳೆಯಬೇಕಾದರೆ ಅದನ್ನು ಅಷ್ಟೂ ಕಾಲ ಎತ್ತಿಕೊಳ್ಳಲು ಯಾರಾದರೂ ಬೇಕು. ಮನುಷ್ಯರಲ್ಲಿ ಅಪ್ಪ ಅಮ್ಮ ಇಬ್ಬರೇ ಸಾಲದೆ ಅಜ್ಜಿ ತಾತಂದಿರೂ ಕೈ ಹಾಕಿದ್ದು ಅದಕ್ಕೇ ಇರಬೇಕು.

ಯೋಡಾನಿಗೆ ಆಯುಷ್ಯ ಒಂಬೈನೂರು ಇತ್ತೆಂದು ಮುಪ್ಪು ತಪ್ಪಿತೇ? ಇಲ್ಲ. ನಮ್ಮ ವಾಕಿಂಗ್ ಗೆಳೆಯರ ಗುಂಪಿಗೆ ನಾನು ಒತ್ತಿ ಹೇಳುವ ವಿಷಯ ಇದು. 2002ರಲ್ಲಿ ಬಂದ ಚಿತ್ರವೊಂದರಲ್ಲಿ, ಕಥೆಯ ಕಾಲಮಾನದ ಪ್ರಕಾರ, ಯೋಡಾನಿಗೆ 874ರ ಆಸುಪಾಸು. ಕೋಲೂರಿ ಕುಂಟುತ್ತಾ ಬರುತ್ತಾನೆ. ಎದುರಿಗೆ ದುಷ್ಟನಾದ ಡೂಕು. ಯೋಡಾ ಬೆಳಕಿನ ಕತ್ತಿ ಹಿರಿದು ಚೆಂಡಿನ ಹಾಗೆ ಪುಟಿದು, ಗೋಡೆಯಿಂದ ಗೋಡೆಗೆ ಹಾರಿ ಕಾದಾಡುತ್ತಾನೆ. ಕಾಳಗ ಮುಗಿದ ಮೇಲೆ ಮೆಲ್ಲಗೆ ಕೋಲನ್ನು ಮತ್ತೆ ಕೈಗೆ ತೆಗೆದುಕೊಂಡು, ಮೊದಲಿನಂತೆ ಕುಂಟುತ್ತಾನೆ. ಇದನ್ನು ನೋಡಿ ಮೊಮ್ಮಗಳು ನನ್ನತ್ತ ತಿರುಗಿ, “ತಾತ, ನಿಂಗೆ ಮಂಡಿ ನೋವು ಇರೋದೂ ಹಿಂಗೇನಾ? ಬೇಕಾದಾಗ ಮಾತ್ರ?” ಎಂದಳು. ಅವಳಜ್ಜಿ ಒಳಗಿನಿಂದಲೇ, “ತರಕಾರಿ ತರೋಕೆ ಹೇಳಿದಾಗ ಮಾತ್ರ” ಎಂದು ಉತ್ತರ ಕೊಟ್ಟಳು.

ಆದರೆ ಅದಾಗಿ ಇಪ್ಪತ್ತಾರು ವರ್ಷಕ್ಕೆ ಅದೇ ಯೋಡಾ ಕೆಮ್ಮುತ್ತಾ, ನಡುಗುತ್ತಾ ಹಾಸಿಗೆ ಸೇರುತ್ತಾನೆ. ಅಷ್ಟು ಶಕ್ತಿಯುಳ್ಳವನಿಗೂ ಅದರ ಮೇಲೆ ಅಧಿಕಾರ ನಡೆಯುವುದಿಲ್ಲ. ಅಂಜಿಕೆಯಿಲ್ಲದೆ, ಕತ್ತಲಾಗುವುದು ಸಹಜ ಎಂಬಂತೆ ಹೋಗುತ್ತಾನೆ. ಆ ದೃಶ್ಯ ಬಂದಾಗ ಅವಳು ವಿವರಣೆ ನಿಲ್ಲಿಸಿದ್ದಳು.

ಮನುಷ್ಯರಲ್ಲಿ ದಾಖಲೆಯಿರುವ ಅತಿ ದೀರ್ಘ ಆಯುಷ್ಯ ಫ್ರಾನ್ಸಿನ ಜೀನ್ ಕಾಲ್ಮಾಂ ಎಂಬ ಮಹಿಳೆಯದು: 122 ವರ್ಷ, 164 ದಿನ. 1997ರಲ್ಲಿ ತೀರಿಕೊಂಡರು. ಬ್ಯಾಂಕಿನವನಾಗಿ ನನಗೆ ಇಷ್ಟವಾದ ಕಥೆ ಅವರದೊಂದಿದೆ. ತೊಂಬತ್ತನೆಯ ವಯಸ್ಸಿನಲ್ಲಿ ಅವರು ತಮ್ಮ ಮನೆಯನ್ನು ವಕೀಲರೊಬ್ಬರಿಗೆ ಮಾರಿದರು. ಷರತ್ತು ಏನೆಂದರೆ, ಅಜ್ಜಿ ಬದುಕಿರುವವರೆಗೆ ತಿಂಗಳಿಗೆ ಇಷ್ಟು ಹಣ ಕೊಡುತ್ತಾ ಹೋಗುವುದು, ಅವರ ನಂತರ ಮನೆ ವಕೀಲರಿಗೆ. ವಕೀಲರಿಗೆ ಆಗ ನಲವತ್ತೇಳು. ಇನ್ನೆಷ್ಟು ದಿನದ ಮಾತು ಎಂದುಕೊಂಡಿರಬೇಕು. ಮೂವತ್ತು ವರ್ಷ ತಿಂಗಳು ತಿಂಗಳೂ ಹಣ ಕಟ್ಟಿ, 1995ರಲ್ಲಿ ವಕೀಲರೇ ಮೊದಲು ತೀರಿಕೊಂಡರು. ಉಳಿದ ಕಂತನ್ನು ಅವರ ಹೆಂಡತಿ ಕಟ್ಟಬೇಕಾಯಿತು. ಇನ್ನೊಬ್ಬರ ಆಯುಷ್ಯದ ಮೇಲೆ ಲೆಕ್ಕ ಹಾಕಬಾರದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ನಾನೂ ಒಂಬೈನೂರು ವರ್ಷ ಬದುಕಲು ಒಪ್ಪುತ್ತೇನೆಯೇ? ಉತ್ತರ ಕೊಡುವ ಮೊದಲು ಇನ್ನೊಂದು ಲೆಕ್ಕ ನೋಡಿ. ಇದು ಮೊಮ್ಮಗಳು ನನಗೆ ಹೇಳಿಕೊಟ್ಟದ್ದು.

ಸ್ಟಾರ್ ವಾರ್ಸ್ ಕಥೆಯಲ್ಲಿ ಅನಾಕಿನ್ ಎಂಬ ಹುಡುಗನಿದ್ದಾನೆ. 1999ರ ಚಿತ್ರದಲ್ಲಿ ಅವನು ಒಂಬತ್ತು ವರ್ಷದ ಪೋರ. ಅದಾಗಿ ಮೂವತ್ತಾರು ವರ್ಷಕ್ಕೆ, ಅಂದರೆ ನಲವತ್ತೈದಕ್ಕೆ, ಅವನು ಸಾಯುತ್ತಾನೆ. ಗ್ರೋಗುವಿನ ಕಥೆ ಶುರುವಾಗುವುದು ಅದಾಗಿ ಐದು ವರ್ಷಕ್ಕೆ. 9, 36, 5 ಕೂಡಿಸಿ: 50. ಅನಾಕಿನ್ ಮತ್ತು ಗ್ರೋಗು ಒಂದೇ ಓರಗೆಯವರು! ಅನಾಕಿನ್ ಬೆಳೆದು, ಯೋಧನಾಗಿ, ಮದುವೆಯಾಗಿ, ದಾರಿತಪ್ಪಿ ಡಾರ್ತ್ ವೇಡರ್ ಎಂಬ ಕ್ರೂರಿಯಾಗಿ, ಅವಳಿ ಮಕ್ಕಳ ತಂದೆಯಾಗಿ, ಕೊನೆಗಾಲಕ್ಕೆ ಮಗನನ್ನು ಉಳಿಸಿ ಕಣ್ಣುಮುಚ್ಚಿದ. ಇಷ್ಟೆಲ್ಲ ನಡೆದು ಮುಗಿಯುವಾಗಲೂ ಗ್ರೋಗು ತೊಟ್ಟಿಲಲ್ಲೇ. ಆಮೇಲೆ ಅವನಿಗೆ ಪಾಠ ಹೇಳಲು ಬರುವವನು ಆ ಅನಾಕಿನ್‌ನ ಮಗ ಲ್ಯೂಕ್. ಓರಗೆಯವನ ಮಗನೇ ಗುರು!

ನಿಧಾನವಾಗಿ ಬದುಕುವವನ ಕಷ್ಟ ಇಲ್ಲಿದೆ. ಸುತ್ತಲಿನವರು ಬೇಗ ಬೇಗ ಮುಗಿಯುತ್ತಾ ಹೋಗುತ್ತಾರೆ. ಎಂಟುನೂರು ವರ್ಷ ಪಾಠ ಹೇಳಿದ ಯೋಡಾ ಎಷ್ಟು ಶಿಷ್ಯರನ್ನು ಎಳೆಯರಾಗಿ ಕಂಡು, ಮುದುಕರಾಗಿ ಕಳಿಸಿರಬೇಕು?

ನನಗೆ ಇಲ್ಲಿ ನನ್ನ ತಂದೆಯ ತಾಯಿ ನೆನಪಾಗುತ್ತಾಳೆ. ಅವಳಿಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. “ಪ್ಲೇಗು ಬಂದ ವರ್ಷ” ಎನ್ನುತ್ತಿದ್ದಳು. ನಮ್ಮ ಸೀಮೆಗೆ ಪ್ಲೇಗು ಬಂದದ್ದು 1898ರಲ್ಲಿ. ಆ ಲೆಕ್ಕದಲ್ಲಿ ಅವಳು ಹೋದಾಗ ತೊಂಬತ್ತರ ಹತ್ತಿರ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು ಮೂವತ್ತೆರಡು ವರ್ಷ. ಆ ಕಾಲದ ಹೆಂಗಸಿಗೆ ತೊಂಬತ್ತು ಎಂದರೆ ಯೋಡಾನ ಆಯುಷ್ಯವೇ. ಊರವರೆಲ್ಲ “ಪುಣ್ಯವಂತೆ” ಎನ್ನುತ್ತಿದ್ದರು. ಆದರೆ ಅವಳು ಹೆತ್ತ ಏಳು ಮಕ್ಕಳಲ್ಲಿ ನಾಲ್ವರನ್ನು ಅವಳೇ ಕಳಿಸಿಕೊಟ್ಟಿದ್ದಳು. ಕೊನೆಯವರು ನಮ್ಮ ತಂದೆ. ನಾವು ಹಬ್ಬದ ದಿನ ಕಾಲಿಗೆ ಬಿದ್ದರೆ ಬೇರೆ ಹಿರಿಯರು ‘ನೂರು ವರ್ಷ ಬಾಳು’ ಎನ್ನುತ್ತಿದ್ದರು. ಅವಳು ಮಾತ್ರ ಆ ಮಾತು ಆಡುತ್ತಿರಲಿಲ್ಲ. ತಲೆಯ ಮೇಲೆ ಕೈಯಿಟ್ಟು, “ಎಲ್ಲಾರ ಜೊತೇಲಿ ಚೆನ್ನಾಗಿರು ಮಗಾ” ಎನ್ನುತ್ತಿದ್ದಳು. ಹುಡುಗನಾಗಿ ನನಗೆ ಅದು ಸಾಮಾನ್ಯ ಆಶೀರ್ವಾದ. ಈಗ ನಮ್ಮ ನಿವೃತ್ತರ ವಾಟ್ಸ್ಆ್ಯಪ್ ಗುಂಪಿನಲ್ಲಿ ತಿಂಗಳಿಗೊಂದು ‘ಓಂ ಶಾಂತಿ’ ನೋಡುವಾಗ, ಅವಳು ‘ಜೊತೇಲಿ’ ಎಂಬ ಮಾತನ್ನು ಯಾಕೆ ಹಿಡಿದುಕೊಂಡಿದ್ದಳು ಎಂದು ತಿಳಿಯುತ್ತದೆ.

ಒಬ್ಬೊಬ್ಬರ ಕಾಲದ ಅಳತೆ ಒಂದೊಂದು ಎಂಬುದು ನಮ್ಮವರಿಗೂ ಹೊಸದಲ್ಲ. ಮನುಷ್ಯರ ಒಂದು ವರ್ಷ ದೇವತೆಗಳಿಗೆ ಒಂದು ದಿನ ಎನ್ನುತ್ತವೆ ಪುರಾಣಗಳು. ಭಾಗವತದಲ್ಲಿ ಕಕುದ್ಮಿ ಎಂಬ ರಾಜನ ಕಥೆಯಿದೆ. ಮಗಳು ರೇವತಿಗೆ ತಕ್ಕ ವರ ಯಾರೆಂದು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮನ ಬಳಿ ಹೋದ. ಅಲ್ಲಿ ಸಂಗೀತ ನಡೆಯುತ್ತಿತ್ತು. ನಡುವೆ ಮಾತಾಡಬಾರದೆಂದು ಕ್ಷಣಕಾಲ ಕಾದ. ಹಾಡು ಮುಗಿದ ಮೇಲೆ ತನ್ನ ಮನಸ್ಸಿನಲ್ಲಿದ್ದ ವರಗಳ ಹೆಸರು ಹೇಳಿದರೆ ಬ್ರಹ್ಮ ನಕ್ಕುಬಿಟ್ಟ. ‘ನೀನು ಕಾಯುವಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದವು, ಅವರ ಮಕ್ಕಳು ಮೊಮ್ಮಕ್ಕಳ ಹೆಸರೂ ಉಳಿದಿಲ್ಲ’ ಎಂದ. ಕೊನೆಗೆ ರೇವತಿಯ ಕೈಹಿಡಿದವನು ಬಲರಾಮ. ಮದುವೆಯೇನೋ ಆಯಿತು, ಆದರೆ ಬಿಟ್ಟುಬಂದ ಅರಮನೆಯಲ್ಲಿ ಗುರುತಿನ ಒಂದು ಮುಖವೂ ಇರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಾದ ಕಂತು 2022ರದು; ‘ದಿ ಬುಕ್ ಆಫ್ ಬೋಬಾ ಫೆಟ್’ ಎಂಬ ಇನ್ನೊಂದು ಧಾರಾವಾಹಿಯಲ್ಲಿ ಬರುತ್ತದೆ. ಗ್ರೋಗು ಈಗ ಲ್ಯೂಕ್‌ನ ಬಳಿ ಕಲಿಯುತ್ತಿದ್ದಾನೆ. ಅವನನ್ನು ಬಿಟ್ಟಿರಲಾರದ ಮ್ಯಾಂಡಲೋರಿಯನ್ ಒಂದು ಪುಟ್ಟ ಲೋಹದ ಅಂಗಿ ಮಾಡಿಸಿ ತಂದಿದ್ದಾನೆ. ಮಗುವಿನ ಓದು ಕೆಡಬಾರದೆಂದು ಮುಖ ತೋರಿಸದೆ, ಅಂಗಿ ಕೊಟ್ಟು ಹಿಂದಿರುಗುತ್ತಾನೆ. ಲ್ಯೂಕ್ ಕೂಸಿನ ಮುಂದೆ ಎರಡು ವಸ್ತು ಇಡುತ್ತಾನೆ. ಒಂದು, ಆ ಅಂಗಿ. ಇನ್ನೊಂದು, ಯೋಡಾನ ಬೆಳಕಿನ ಕತ್ತಿ. ಕತ್ತಿ ತೆಗೆದುಕೊಂಡರೆ ಮಹಾಗುರುವಾಗುವ ದಾರಿ. ಅಂಗಿ ತೆಗೆದುಕೊಂಡರೆ ಮ್ಯಾಂಡಲೋರಿಯನ್ ಬಳಿಗೆ ವಾಪಸ್ಸು, ಈ ಪಾಠ ಇಲ್ಲಿಗೆ ಬಂದ್. ಕಲಿಕೆಗೆ ಬಹಳ ವರ್ಷ ಹಿಡಿಯುತ್ತದೆ, ನಿನಗೆ ಅದೇನೂ ದೊಡ್ಡದಲ್ಲ, ಆದರೆ ನೀನು ಮುಗಿಸುವಷ್ಟರಲ್ಲಿ ಅವನ ಆಯುಷ್ಯವೇ ಮುಗಿದಿರಬಹುದು ಎಂಬ ಅರ್ಥದಲ್ಲಿ ಲ್ಯೂಕ್ ಎಚ್ಚರಿಸುತ್ತಾನೆ.

ಕಂತು ಅಲ್ಲಿಗೆ ನಿಲ್ಲುತ್ತದೆ. ಮೊಮ್ಮಗಳು ಟೀವಿ ಆರಿಸಿ, ಸ್ವಲ್ಪ ಹೊತ್ತು ದಿಂಬಿನ ದಾರ ಎಳೆಯುತ್ತಾ ಕೂತು, “ತಾತ, ಗ್ರೋಗು ಮಾತು ಕಲಿಯೋ ಹೊತ್ತಿಗೆ ಅವನ ಅಪ್ಪ ಇರಲ್ಲ ಅಲ್ವಾ?” ಎಂದಳು.

“ಕಷ್ಟ” ಎಂದೆ.

“ನಾನು ಅಮ್ಮನಷ್ಟು ದೊಡ್ಡವಳಾದಾಗ ನಿಂಗೆಷ್ಟು?”

ಅವಳಮ್ಮನಿಗೆ ಮೂವತ್ತೇಳು. ಲೆಕ್ಕ ಅವಳಿಗೂ ಬರುತ್ತದೆ; ಬೆರಳು ಮಡಚುತ್ತಿದ್ದಳು. “ನೂರಾ ಒಂದು” ಎಂದು ನಾನೇ ಹೇಳಿದೆ. ಸುಳ್ಳು ಸಮಾಧಾನ ಹೇಳಿದರೆ ಕೂಡಲೇ ಕಂಡುಹಿಡಿಯುವ ವಯಸ್ಸು ಅವಳದು. ಆಗ ಅವಳು ಬಹಳ ಯೋಚಿಸಿದವಳಂತೆ ಹೇಳಿದಳು: “ನಂದು ಒಂದ್ ಹತ್ತು ವರ್ಷ ನಿಂಗೆ ಕೊಡ್ತೀನಿ. ನಂಗೆ ತುಂಬಾ ಇದೆ.”

ಮೂವತ್ತಾರು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡ ಮೊತ್ತವನ್ನು ನನ್ನ ಹೆಸರಿಗೆ ಬರೆದವರು ಯಾರೂ ಇಲ್ಲ. ಗಂಟಲು ಸರಿಮಾಡಿಕೊಂಡು, “ಆ ಖಾತೆಯಿಂದ ಈ ಖಾತೆಗೆ ವರ್ಗಾವಣೆ ಇಲ್ಲ ಪುಟ್ಟಿ, ರೂಲ್ಸ್ ಹಾಗಿದೆ” ಎಂದೆ. ಯಯಾತಿಯ ಕಥೆ ಹೇಳಿದೆ. ಶಾಪದಿಂದ ಮುಪ್ಪು ಬಂದ ಆ ರಾಜ ಮಕ್ಕಳ ಮುಂದೆ ಕೈಚಾಚಿ ಯೌವನ ಕೇಳಿದ. ಕಿರಿಯ ಮಗ ಪೂರು ಕೊಟ್ಟೂ ಕೊಟ್ಟ. ಸಾವಿರ ವರ್ಷ ಸುಖಪಟ್ಟರೂ ಯಯಾತಿಯ ಆಸೆ ತೀರಲಿಲ್ಲ. ಕೊನೆಗೆ ಮಗನ ಯೌವನ ಮಗನಿಗೇ ವಾಪಸ್ಸು ಕೊಟ್ಟು, ತನ್ನ ಮುಪ್ಪನ್ನು ತಾನೇ ತೆಗೆದುಕೊಂಡ.

“ಹಂಗಾದ್ರೆ ಏನ್ ಮಾಡೋದು?” ಎಂದಳು.

“ಜಂಟಿ ಖಾತೆ” ಎಂದೆ.

ಮಕ್ಕಳೇ, ಬ್ಯಾಂಕಿನಲ್ಲಿ ಇಬ್ಬರು ಸೇರಿ ಒಂದು ಖಾತೆ ತೆರೆಯಬಹುದು. ಅರ್ಜಿಯಲ್ಲಿ ಸಾಮಾನ್ಯವಾಗಿ ‘ಐದರ್ ಆರ್ ಸರ್ವೈವರ್’ ಎಂದು ಬರೆಸುತ್ತಾರೆ. ಅಂದರೆ, ಇಬ್ಬರೂ ಇರುವಾಗ ಯಾರು ಬೇಕಾದರೂ ಹಣ ಹಾಕಬಹುದು, ತೆಗೆಯಬಹುದು; ಒಬ್ಬರು ಇಲ್ಲವಾದರೆ ಉಳಿದವರಿಗೆ ಪೂರ್ತಿ ಸೇರುತ್ತದೆ. ಈ ಸಾಲನ್ನು ಸಾವಿರಾರು ಅರ್ಜಿಗಳ ಮೇಲೆ ನಾನು ಬರೆದಿದ್ದೇನೆ. ಗಂಡ ಹೋದ ಮೇಲೆ ಪಾಸ್‌ಬುಕ್ಕಿನಿಂದ ಒಂದು ಹೆಸರು ತೆಗೆಸಲು ಬಂದ ಹೆಂಗಸರು ಆ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂತಿರುವುದನ್ನು ನೋಡಿದ್ದೇನೆ. ಹೆಸರು ಹೋಗುತ್ತದೆ, ಇಬ್ಬರೂ ಸೇರಿ ಹಾಕಿದ ಹಣ ಹೋಗುವುದಿಲ್ಲ.

ನಿಮಗೂ ನಿಮ್ಮ ಅಜ್ಜಿ ತಾತನಿಗೂ ಇಂಥದೊಂದು ಖಾತೆ ನೀವು ಹುಟ್ಟಿದ ದಿನವೇ ತೆರೆದಿದೆ. ಅದಕ್ಕೆ ಎಷ್ಟು ವರ್ಷವಾಯಿತು ಎಂಬ ಲೆಕ್ಕ ಬಲು ಸುಲಭ: ನಿಮ್ಮ ವಯಸ್ಸೆಷ್ಟೋ ಅಷ್ಟು. ನನ್ನ ಎಪ್ಪತ್ನಾಲ್ಕರಲ್ಲಿ ಮೊದಲ ಅರವತ್ನಾಲ್ಕು ಮೊಮ್ಮಗಳಿಲ್ಲದ ವರ್ಷಗಳು. ಅವಳಿಗೆ ಮುಂದೆ ನಾನಿಲ್ಲದ ವರ್ಷಗಳು ಬಹಳ ಇರುತ್ತವೆ, ಇರಬೇಕು. ಇಬ್ಬರಿಗೂ ಸೇರಿದ್ದು ಸದ್ಯಕ್ಕೆ ಹತ್ತು. ಅದು ಒಂಬೈನೂರಕ್ಕೆ ಹೋಲಿಸಿದರೆ ಚಿಲ್ಲರೆ. ಆದರೆ ಯೋಡಾನಿಗಾದರೂ ಒಬ್ಬೊಬ್ಬ ಶಿಷ್ಯನ ಜೊತೆ ಸಿಕ್ಕಿದ್ದು ಇಂಥ ಚಿಲ್ಲರೆಯೇ.

ಗ್ರೋಗು ಏನು ಆರಿಸಿಕೊಂಡ ಎಂದು ಕೇಳುತ್ತೀರಾ? ಮುಂದಿನ ಕಂತಿನಲ್ಲಿ ಅವನು ಆ ಪುಟ್ಟ ಲೋಹದ ಅಂಗಿ ತೊಟ್ಟು ಮ್ಯಾಂಡಲೋರಿಯನ್ ತೋಳಿಗೆ ಹಾರಿದ. ಮಹಾಗುರುವಾಗಲು ಅವನಿಗೆ ಇನ್ನೂ ನೂರಾರು ವರ್ಷ ಬಿಡುವಿದೆ. ಅಪ್ಪನ ಜೊತೆ ಇರಲು ಅಷ್ಟಿಲ್ಲ. ಮಾತು ಬಾರದ ಕೂಸಿಗೂ ಈ ಲೆಕ್ಕ ಬಂತು. 2023ರ ಕಂತುಗಳ ಕೊನೆಗೆ ಮ್ಯಾಂಡಲೋರಿಯನ್ ಅವನನ್ನು ವಿಧಿವತ್ತಾಗಿ ದತ್ತು ತೆಗೆದುಕೊಂಡು ತನ್ನ ಹೆಸರನ್ನೂ ಕೊಟ್ಟ.

ಈಗ ಓದುಗರಿಗೆ ಒಂದು ಮನೆಗೆಲಸ. ಮಕ್ಕಳೇ, ಈ ಭಾನುವಾರ ಅಜ್ಜಿಯನ್ನೋ ತಾತನನ್ನೋ ಹಿಡಿದು ಕೂರಿಸಿ, ಅವರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಕೇಳಿ. ಅವರ ಅಜ್ಜಿಯ ಹೆಸರೇನು, ಅವರು ಶಾಲೆಗೆ ಯಾವ ದಾರಿಯಲ್ಲಿ ನಡೆದು ಹೋಗುತ್ತಿದ್ದರು, ಸಾರಿನ ಪುಡಿಗೆ ಮೊದಲು ಏನು ಹುರಿಯಬೇಕು, ಏನಾದರೂ ಸರಿ. ಒಂದು ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ಅದು ಜಮೆ. ಹಿರಿಯರೇ, ನೀವೂ ಅವರ ಸಿನಿಮಾ ಒಂದನ್ನು ಪಕ್ಕದಲ್ಲಿ ಕೂತು ಪೂರ್ತಿ ನೋಡಿ. ಅರ್ಥವಾಗದಿದ್ದರೆ ಕೇಳಿ, ಹೇಳಿಕೊಡುವುದೆಂದರೆ ಅವರಿಗೆ ಬಹಳ ಖುಷಿ. ಅದೂ ಜಮೆಯೇ.

ನಮ್ಮ ಪುಸ್ತಕದಲ್ಲಿ ಈವರೆಗೆ ಹದಿನಾಲ್ಕು ಪುಟ ತುಂಬಿದೆ. ಪ್ಲೇಗಿನ ವರ್ಷ ಹುಟ್ಟಿದ ಅಜ್ಜಿಯ ಕಥೆಯನ್ನು ಅವಳು ಮೊನ್ನೆ ಬರೆದುಕೊಂಡಳು. ಕೆಳಗೆ ಹಸಿರು ಪೆನ್ಸಿಲಿನಲ್ಲಿ ಒಂದು ಚಿತ್ರ: ಸೀರೆಯುಟ್ಟು ಕೋಲು ಹಿಡಿದ ಪುಟ್ಟ ಮುದುಕಿ. ಕಿವಿ ಮಾತ್ರ ಸ್ವಲ್ಪ ಉದ್ದವಾಗಿದೆ.